ಮಲಗಿಸಬಾರದ ಬಾಟಲಿಗಳು

ಮೂವತ್ತೈದಕ್ಕೆ ನಿವೃತ್ತಿಯಾದೆ ಅಂದರೆ ಜನ ನಗುತ್ತಾರೆ. ನಗಲಿ. ಏಳೂವರೆ ವರ್ಷ ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಜಪಾನಿನ ಅಕ್ಕಿ ಮದ್ಯ ಸಾಕೆ ಮಾರಿದವಳು ನಾನು. ಮಾಲೀಕರಿಗೆ ವಯಸ್ಸಾಗಿ ಕಂಪನಿ ಮುಚ್ಚಿದ ಮೇಲೆ ಆ ಲೋಕದಿಂದ ಪೂರ್ತಿ ಹೊರಬಂದೆ. ಈಗ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಲ್ಲಿ ಏನನ್ನೂ ಮೂಸುವಂತಿಲ್ಲ. ರುಚಿ ನೋಡಿದರಂತೂ ಮುಗಿಯಿತು!

ಹೋದ ತಿಂಗಳು ಕೆಲ್ಲಿವಿಲ್‌ನಲ್ಲಿ ಗೆಳತಿಯ ಮಗುವಿನ ಬರ್ತ್‌ಡೇ. ಕೇಕಿನ ತಟ್ಟೆ ಹಿಡಿದು ನಿಂತಿದ್ದಾಗ ಇಪ್ಪತ್ತರ ಹುಡುಗಿಯೊಬ್ಬಳು ಹತ್ತಿರ ಬಂದಳು.

"ಆಂಟಿ, ನೀವು ಸಾಕೆ ಇಂಡಸ್ಟ್ರೀಲಿ ಇದ್ರಂತೆ? ನಂಗೂ ಆ ಕಡೆ ಹೋಗೋಕೆ ಇಂಟ್ರೆಸ್ಟ್. ಯಾವ ಕೋರ್ಸ್ ಬೆಸ್ಟ್?"

ಆಂಟಿ ಅಂದದ್ದನ್ನು ಕ್ಷಮಿಸಿದೆ. ಪಕ್ಕದಲ್ಲಿ ಅವಳ ಅಮ್ಮ, ನಾನೇ ಮಗಳ ಕೈಗೆ ಗ್ಲಾಸು ಕೊಟ್ಟಂತೆ ನನ್ನನ್ನು ನೋಡುತ್ತಿದ್ದರು. ಹಾಗಾಗಿ ಅಲ್ಲಿ ಎರಡು ಮಾತು ಹೇಳಿ ಸುಮ್ಮನಾದೆ. ಉಳಿದದ್ದು ಇಲ್ಲಿದೆ. ಕೋರ್ಸಿನ ಹೆಸರು ಇದರಲ್ಲಿಲ್ಲ, ಯಾಕೆಂದರೆ ನಾನು ಯಾವ ಕೋರ್ಸನ್ನೂ ಮಾಡಿದವಳಲ್ಲ. ನಾನು ಓದಿದ್ದು ಕೆಮಿಸ್ಟ್ರಿ. ಸಾಕೆ ಕಲಿತದ್ದು ಲೈಬ್ರರಿಯ ಪುಸ್ತಕಗಳಿಂದ, ಇಂಟರ್‌ನೆಟ್ಟಿನಿಂದ, ಆಮೇಲೆ ಒಂದು ದೊಡ್ಡ ತಪ್ಪಿನಿಂದ.

ನಾವು ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಅಮ್ಮ ನರ್ಸ್. ಅವರ ಕೆಲಸದ ಜೊತೆಗೇ ನಾನೂ ಹದಿನೇಳಕ್ಕೆ ಸಿಡ್ನಿಯ ವೆಸ್ಟ್‌ಮೀಡಿಗೆ ಬಂದೆ. ಸ್ಟೇಷನ್ ಪಕ್ಕದ ಬಾಡಿಗೆ ಫ್ಲ್ಯಾಟಿನಲ್ಲೂ ಅಮ್ಮ ಪ್ರತಿ ಕ್ರಿಸ್ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದರು. ಹಾಗಾಗಿ ಮಗಳು ಬಾಟಲಿ ಮಾರುತ್ತಾಳೆ ಎಂದು ಮನೆಯಲ್ಲಿ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಿಯಿಂದ ಮಾಡಿದ್ದಕ್ಕೆ ಅಷ್ಟು ರೇಟಾ? ಅವರು ಅಕ್ಕಿಗೆ ಎಂತ ಮಾಡ್ತಾರೆ?"

ಅಕ್ಕಿಗೆ ತುಂಬಾ ಮಾಡುತ್ತಾರೆ. ಒಳ್ಳೆಯ ಸಾಕೆಗೆ ಅಕ್ಕಿಯ ಕಾಳನ್ನು ಅರ್ಧಕ್ಕಿಂತ ಹೆಚ್ಚು ಸವೆಸಿ ಒಳಗಿನ ಬಿಳಿ ತಿರುಳನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಅದನ್ನು ಬೇಯಿಸಿ, ಕೋಜಿ ಎಂಬ ಬೂಷ್ಟು ಬೆಳೆಸಿ, ನೀರು ಮತ್ತು ಯೀಸ್ಟ್ ಸೇರಿಸಿ ಚಳಿಗಾಲದಲ್ಲಿ ನಿಧಾನ ಹುದುಗಿಸುತ್ತಾರೆ. ಬಾಟಲಿ ತೆರೆದರೆ ಪೇರಳೆ, ಬಾಳೆಹಣ್ಣು, ಕೆಲವೊಮ್ಮೆ ಹಸಿ ಅಕ್ಕಿ ತೊಳೆದ ನೀರಿನ ಪರಿಮಳ. ಒಂದು ಹಣ್ಣನ್ನೂ ಹಾಕದೆ!

2012ರ ಸುಮಾರಿಗೆ ನಾನು ಸೇರಿದಾಗ ನಾವು ಇದ್ದದ್ದು ಮೂವರು. ಮಾಲೀಕ ಗ್ರೇಮ್, ಹಿಂದೆ ವೈನ್ ವ್ಯಾಪಾರ ಮಾಡುತ್ತಿದ್ದ ಅರವತ್ತರ ಸಮೀಪದ ಮನುಷ್ಯ, ಧಾರಾಳಿ, ಮುಂಗೋಪಿ. ರೆಸ್ಟೋರೆಂಟುಗಳಿಗೆ ಸುತ್ತಿ ಮಾರುವವಳು ನಾನು. ಗೋಡೌನ್ ಮತ್ತು ವ್ಯಾನ್ ನೋಡಿಕೊಳ್ಳುವವರು ವಸಂತ ಅಂಕಲ್. ಉಡುಪಿಯ ಹತ್ತಿರದವರು, ಮನೆಮಾತು ತುಳು, ನನ್ನೊಂದಿಗೆ ನಮ್ಮ ಊರಿನ ಕನ್ನಡ. ಮೊದಲು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಬಾಗಿಲು ಹಾಕಿ, ಒಂದೂವರೆ ವರ್ಷ ಖಾಲಿ ಕೂತು, ಐವತ್ತೇಳಕ್ಕೆ ಈ ಕೆಲಸ ಸಿಕ್ಕಿತ್ತು. "ಈ ಬಾಗ್ಲೂ ಹಾಕಿದ್ರೆ ನನ್ನನ್ನು ಇನ್ನು ಯಾರು ಕರೀತಾರೆ ಮಾರಾಯ್ತಿ" ಎಂದು ಆಗಾಗ ನಗುತ್ತಲೇ ಹೇಳುತ್ತಿದ್ದರು. ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ಆದರೆ ಬಾಟಲಿ ಹಿಡಿಯುವಾಗ ಒಂದು ಕೈ ತಳಕ್ಕೆ, ಒಂದು ಕೈ ಕುತ್ತಿಗೆಗೆ, ಹಸುಗೂಸನ್ನು ಎತ್ತಿದ ಹಾಗೆ.

ಮೊದಲ ವರ್ಷಗಳ ಪೆದ್ದುತನ ಹೇಳಿದರೆ ಮುಗಿಯುವುದಿಲ್ಲ. ಆಗ ಸಿಡ್ನಿಯಲ್ಲಿ ಸಾಕೆ ಅಂದರೆ ಸುಶಿ ಅಂಗಡಿಯಲ್ಲಿ ಕುದಿಯುವಷ್ಟು ಬಿಸಿ ಮಾಡಿ ಕೊಡುವ ಪಾನೀಯ. ಒಬ್ಬ ಶೆಫ್ ನಮ್ಮ ಅತ್ಯಂತ ನಾಜೂಕಿನ ಬಾಟಲಿಯನ್ನು ಮೈಕ್ರೋವೇವಿಗೆ ಹಾಕಿ "ಪರಿಮಳ ಇಲ್ಲವಲ್ಲ" ಎಂದು ನನಗೆ ಫೋನ್ ಮಾಡಿದ. ಇನ್ನೊಮ್ಮೆ, ರುಚಿ ನೋಡಿ ಉಗುಳಬೇಕಾದ ಟೇಸ್ಟಿಂಗಿನಲ್ಲಿ ಉಗುಳಲು ನಾಚಿ ಹದಿನೆಂಟು ಬಗೆಯನ್ನೂ ನುಂಗಿ, ಟ್ರೈನಿನಲ್ಲಿ ನಿದ್ದೆ ಹೋಗಿ, ಕೊನೆಯ ಸ್ಟೇಷನ್ನಿನಲ್ಲಿ ಗಾರ್ಡ್ ಎಬ್ಬಿಸಿದಾಗಲೇ ಎದ್ದೆ. ಉಗುಳಿ. ದಯವಿಟ್ಟು ಉಗುಳಿ. ನಮ್ಮಲ್ಲಿ ಅನ್ನಕ್ಕೆ ಮರ್ಯಾದೆ ಕೊಟ್ಟು ಬೆಳೆದವರಿಗೆ ಕಷ್ಟ, ಗೊತ್ತು.

ಆಮೇಲೆ ಪದ್ಧತಿಗಳೇ ಬದಲಾದವು. ಪುಟ್ಟ ಪಿಂಗಾಣಿ ಬಟ್ಟಲು ಹೋಗಿ ವೈನ್ ಗ್ಲಾಸ್ ಬಂತು. ಬಿಸಿ ಹೋಗಿ ತಂಪು ಬಂತು. ಮೆಲ್ಬರ್ನಿನ ರೆಸ್ಟೋರೆಂಟುಗಳು ವೈನಿನ ಪಟ್ಟಿಯೊಳಗೇ ಸಾಕೆಗೆ ಒಂದು ಪುಟ ಕೊಟ್ಟವು. ನಾನು ತಿಂಗಳಿಗೆ ಎರಡು ಸಲ ಮೆಲ್ಬರ್ನಿಗೆ ಹಾರತೊಡಗಿದೆ.

ನಾಲ್ಕನೇ ವರ್ಷ ನಮ್ಮ ಪಟ್ಟಿಗೆ ಬಂದರು ತಾನಿಮೊತೊ ಸಾನ್. ಸಾನ್ ಅಂದರೆ ಜಪಾನಿನಲ್ಲಿ ಹೆಸರಿಗೆ ಹಚ್ಚುವ ಮರ್ಯಾದೆ.

ಅವರದ್ದು ಜಪಾನಿನ ಉತ್ತರದ ಸಾಕೆ ತಯಾರಿಸುವ ಒಂದು ಸಣ್ಣ ಮನೆ. ಹರೆಯದಲ್ಲಿ ಫ್ರಾನ್ಸಿಗೆ ಹೋಗಿ ವೈನ್ ಬೆರೆಸುವವರ ಮೇಜಿನ ಪಕ್ಕ ಕೆಲವು ವರ್ಷ ಕೂತು ಬಂದವರು. ಅಲ್ಲಿ ಬೇರೆ ಬೇರೆ ತೋಟದ, ಬೇರೆ ಬೇರೆ ವರ್ಷದ ವೈನುಗಳನ್ನು ಅಳೆದು ಸೇರಿಸಿ ಒಂದು ಹೊಸ ವೈನ್ ಮಾಡುತ್ತಾರಲ್ಲ, ಅದನ್ನೇ ಇವರು ಸಾಕೆಗೆ ತಂದರು. ಬೇರೆ ಬೇರೆ ಅಕ್ಕಿ, ಬೇರೆ ಬೇರೆ ಯೀಸ್ಟ್, ಹೊಸ ವರ್ಷದ್ದು, ಎಂಟು ವರ್ಷ ಹಳೆಯದು, ಎಲ್ಲವನ್ನೂ ಮೇಜಿನ ಮೇಲಿಟ್ಟು, ಮೂಸಿ, ಅಳೆದು, ಬೆರೆಸಿ, ತಿಂಗಳುಗಟ್ಟಲೆ ಕಾದು ಒಂದೇ ಸಾಕೆ.

ಅಮ್ಮನಿಗೆ ವಿವರಿಸಿದಾಗ ಅವರು ತಕ್ಷಣ ಹಿಡಿದುಬಿಟ್ಟರು. "ಮೀನಿನ ಸಾರಿಗೆ ಬ್ಯಾಡಗಿ ಬಣ್ಣಕ್ಕೆ, ಕುಮಟೆ ಖಾರಕ್ಕೆ. ಒಂದೇ ಮೆಣಸು ಹಾಕಿ ಸಾರು ಮಾಡ್ಲಿಕ್ಕೆ ಆಗ್ತದಾ? ಇದಕ್ಕೆ ಫ್ರಾನ್ಸಿಗೆ ಹೋಗ್ಬೇಕಿತ್ತಾ ಅವರು?"

ನನಗೆ ಹುಚ್ಚು ಹಿಡಿಯಿತು. ಬೆರೆಸುವ ವಿದ್ಯೆ ಕಲಿಯಬೇಕು, ಆ ಮೇಜಿನ ಮುಂದೆ ಒಮ್ಮೆ ಕೂರಬೇಕು. ಇಮೇಲಿನ ಮೇಲೆ ಇಮೇಲ್ ಬರೆದೆ. ಗ್ರೇಮ್ ಕೂಡ ನನ್ನ ಪರವಾಗಿ ಬರೆದರು. ತಾನಿಮೊತೊ ಸಾನ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಫೆಬ್ರುವರಿಯಲ್ಲಿ ಮೆಲ್ಬರ್ನಿನಲ್ಲಿ ಆ ಸಾಕೆಯ ಬಿಡುಗಡೆಯ ಊಟಕ್ಕೆ ಬರುತ್ತೇನೆ, ಆಗ ಮಾತಾಡೋಣ ಎಂದರು.

ಆ ಊಟಕ್ಕೆ ನಾಲ್ಕು ತಿಂಗಳು ಮುಂಚೆಯೇ ಬಾಟಲಿಗಳು ಸಿಡ್ನಿಗೆ ಬಂದವು. ತಪ್ಪು ಶುರುವಾದದ್ದು ಇಲ್ಲಿ.

ಗ್ರೇಮ್‌ನ ಹಳೆಯ ವೈನ್ ಅಂಗಡಿಯ ಮರದ ರ‍್ಯಾಕುಗಳು ಗೋಡೌನಿನ ಮೂಲೆಯಲ್ಲಿ ಬಿದ್ದಿದ್ದವು. ಬಾಟಲಿಯನ್ನು ಅಡ್ಡ ಮಲಗಿಸಿ ಇಡುವಂಥವು. ಅವನ್ನು ನಾನೇ ಒರೆಸಿ ಕೂಲ್ ರೂಮಿಗೆ ಎಳೆಸಿದೆ. ವಸಂತ ಅಂಕಲ್ ಪೆಟ್ಟಿಗೆ ಒಡೆಯುತ್ತಾ ನಿಂತಿದ್ದರು.

"ಎಲ್ಲವನ್ನೂ ಇದರಲ್ಲಿ ಮಲಗ್ಸಿ ಅಂಕಲ್."

"ಮಲಗ್ಸುದಾ? ಯಾಕೆ? ಸಾಕೆ ಯಾವಾಗ್ಲೂ ನಿಲ್ಸಿಯೇ ಇಡುದಲ್ವಾ ನಾವು?"

"ಇದು ಬೇರೆ ಅಂಕಲ್. ಇದನ್ನು ವೈನ್ ಹಾಗೆ ಮಾಡಿದ್ದು. ವೈನ್ ಹಾಗೆಯೇ ಇಡ್ಬೇಕು."

ಅವರು ಒಂದು ಬಾಟಲಿ ಎತ್ತಿ ಮುಚ್ಚಳ ನೋಡಿದರು. "ವೈನ್ ಮಲಗ್ಸುದು ಕಾರ್ಕ್ ಒಣಗ್ಬಾರದು ಅಂತ. ನೀನೇ ಹೇಳಿದ್ದಲ್ಲ? ಇದಕ್ಕೆ ಕಾರ್ಕೇ ಇಲ್ಲ. ತಗಡಿನ ಮುಚ್ಚಳ. ಉಪ್ಪಿನಕಾಯಿ ಭರಣಿ ಯಾರಾದ್ರೂ ಮಲಗ್ಸಿ ಇಡ್ತಾರಾ?"

"ಅಂಕಲ್, ನಾನು ಓದಿದ್ದೇನೆ. ನೀವು ಒಂದು ಹನಿ ಕುಡಿದವ್ರಲ್ಲ."

ಈ ಮಾತನ್ನು ಟೈಪ್ ಮಾಡುವಾಗ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಅವರು ನಕ್ಕು, "ಆಯ್ತು ಮಾರಾಯ್ತಿ, ನೀನು ಹೇಳಿದ ಹಾಗೆ" ಎಂದು ಮಲಗಿಸತೊಡಗಿದರು. ನಾನು ರ‍್ಯಾಕಿನ ಫೋಟೋ ತೆಗೆದು ಎಷ್ಟು ಚಂದ ಅಂದುಕೊಂಡೆ.

ಫೆಬ್ರುವರಿ ಬಂತು. ಪೌಲಾ ಎಂಬಾಕೆಯ ರೆಸ್ಟೋರೆಂಟ್, ಮೆಲ್ಬರ್ನಿನ ಒಂದು ಓಣಿಯಲ್ಲಿ, ಮಧ್ಯಾಹ್ನದ ಊಟ. ನಗರದ ಒಳ್ಳೊಳ್ಳೆಯ ರೆಸ್ಟೋರೆಂಟುಗಳಿಂದ ಇಪ್ಪತ್ತು ಮಂದಿ, ಜೊತೆಗೆ ಗ್ರೇಮ್ ಮತ್ತು ನಾನು. ವಸಂತ ಅಂಕಲ್ ಹಿಂದಿನ ದಿನ ಪೆಟ್ಟಿಗೆಗಳನ್ನು ಸಿಡ್ನಿ ಏರ್‌ಪೋರ್ಟಿನ ಕಾರ್ಗೋಗೆ ಮುಟ್ಟಿಸಿದ್ದರು. ತಾನಿಮೊತೊ ಸಾನ್ ಬೂದು ಕೋಟಿನಲ್ಲಿ ಬಂದು ಎಲ್ಲರಿಗೂ ಬಾಗಿದರು. ನನಗೆ ಸ್ವಲ್ಪ ಹೆಚ್ಚೇ ಬಾಗಿದರೇನೋ ಅನ್ನಿಸಿ ಎದೆ ಉಬ್ಬಿತು.

ಪೌಲಾ ಮೊದಲ ಬಾಟಲಿ ತೆರೆದು, ಗ್ಲಾಸಿಗೆ ಹಾಕಿ, ಮೂಸಿ, ಮತ್ತೆ ಮೂಸಿ, ನನ್ನ ಕಡೆ ನೋಡಿದಳು. "ಲವೀನಾ, ಇದು ಹೀಗೇ ಇರಬೇಕಾ?"

ನಾನು ಮೂಸಿದೆ. ಕೈಯಲ್ಲಿ ತುಂಬಾ ಹೊತ್ತು ಹಿಡಿದ ನಾಣ್ಯದ ವಾಸನೆ. ಅದರ ಹಿಂದೆ ಹೊಸ ಪ್ಲಾಸ್ಟಿಕ್ ಕೊಡ. ಎರಡನೇ ಬಾಟಲಿ ತೆರೆದೆವು. ಅದೇ. ಮೂರನೆಯದೂ ಅದೇ.

ತಾನಿಮೊತೊ ಸಾನ್ ಬಂದು ಮುಚ್ಚಳವನ್ನು ಅಂಗೈಯಲ್ಲಿ ಮಗುಚಿ ಒಳಗಿನ ಕಲೆಯನ್ನು ನೋಡಿದರು. ಮೆಲ್ಲಗೆ ಗ್ರೇಮ್‌ನನ್ನು ಕೇಳಿದರು: "ಇದನ್ನು ಹೇಗೆ ಇಟ್ಟಿದ್ದಿರಿ?"

"ಕೂಲ್ ರೂಮಿನಲ್ಲೇ ಇತ್ತು, ಎಂಟು ಡಿಗ್ರಿ" ಎಂದರು ಗ್ರೇಮ್. ಮುಖ ಕೆಂಪಾಗಿತ್ತು. "ನಿನ್ನೆ ನಲವತ್ತು ಡಿಗ್ರಿ ಬಿಸಿಲು. ನಮ್ಮ ಗೋಡೌನಿನವನು ಕಾರ್ಗೋ ಹತ್ತಿರ ಬಿಸಿಲಿಗೆ ಬಿಟ್ಟಿರಬೇಕು."

ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಬಿಸಿಲಲ್ಲ. ನಾಲ್ಕು ತಿಂಗಳು ಮುಚ್ಚಳಕ್ಕೆ ತಾಗಿಕೊಂಡೇ ಮಲಗಿದ ಸಾಕೆ. ಬಾಯಿ ತೆರೆದೆ. ಇಪ್ಪತ್ತು ಮಂದಿ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ತಾನಿಮೊತೊ ಸಾನ್ ತಮ್ಮ ಸೂಟ್‌ಕೇಸಿನಲ್ಲಿ ತಂದಿದ್ದ ಎರಡು ಬಾಟಲಿಗಳಿಂದ ಪ್ರತಿಯೊಬ್ಬರಿಗೂ ಎರಡು ಗುಟುಕು ಬಡಿಸಿ ಊಟದ ಮಾನ ಉಳಿಸಿದರು. ಯಾರ ಮೇಲೂ ಒಂದು ಮಾತಿಲ್ಲ.

ಸಿಡ್ನಿಗೆ ವಾಪಸ್ ಬರುವ ವಿಮಾನದಲ್ಲಿ ಗ್ರೇಮ್ ನನ್ನ ಪಕ್ಕದಲ್ಲೇ ಕೂತಿದ್ದರು.

"ವಸಂತ್‌ನನ್ನು ಕಳಿಸಬೇಕಾಗುತ್ತೆ. ಒಳ್ಳೆಯ ಮನುಷ್ಯ, ಅದಕ್ಕೇ ಬೇಜಾರು. ನಾಳೆ ಬೆಳಿಗ್ಗೆ ಮಾತಾಡ್ತೀನಿ. ಗೋಡೌನ್ ಕೆಲಸ ಹೊರಗಿನ ಕಂಪನಿಗೆ ಕೊಟ್ಟುಬಿಡೋಣ." ಆಮೇಲೆ, "ಒಂದು ಒಳ್ಳೆ ಸುದ್ದಿ ಅಂದ್ರೆ, ತಾನಿಮೊತೊ ಒಪ್ಪಿದ್ರು. ಬರೋ ಚಳಿಗಾಲ ನೀನು ಅವರ ಮೇಜಿನ ಹತ್ತಿರ" ಎಂದರು.

ಥ್ಯಾಂಕ್ಯೂ ಅಂದೆ. ಹೌದು, ಅಷ್ಟೇ ಅಂದೆ. ಹುಡುಗರೇ, ಹುಡುಗಿಯರೇ, ಅವತ್ತು ನಾನು ಏನು ಮಾಡಬೇಕಿತ್ತು ಎಂದು ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಒಂದೂವರೆ ಗಂಟೆಯ ಹಾರಾಟದಲ್ಲಿ ನಾನು ಮಾಡಿದ್ದು, ಬಿಸ್ಕೆಟ್ ಪ್ಯಾಕೆಟ್ಟಿನ ಹಿಂಬದಿಯನ್ನು ಅಕ್ಷರ ಬಿಡದೆ ಓದಿದ್ದು.

ಮರುದಿನ ಬೆಳಿಗ್ಗೆ ಮೂವರೂ ಕೂಲ್ ರೂಮಿನಲ್ಲಿ. ಗ್ರೇಮ್ ನೇರ ಕೇಳಿದರು: "ವಸಂತ್, ಪೆಟ್ಟಿಗೆಗಳನ್ನು ಬಿಸಿಲಿಗೆ ಬಿಟ್ಟಿದ್ದೆಯಾ?"

"ಇಲ್ಲ ಗ್ರೇಮ್. ವ್ಯಾನಿನಿಂದ ನೇರ ಕಾರ್ಗೋದ ಒಳಗೆ."

"ಮತ್ತೆ ಹಾಳಾದದ್ದು ಹೇಗೆ?"

ವಸಂತ ಅಂಕಲ್ ರ‍್ಯಾಕಿನ ಕಡೆ ನೋಡಿದರು. ಮಲಗಿದ ಬಾಟಲಿಗಳ ಸಾಲು. ಆಮೇಲೆ ನನ್ನ ಕಡೆ ಅಲ್ಲ, ತಮ್ಮ ಶೂ ಕಡೆ ನೋಡಿ, "ಅದು ನನಗೆ ಹೇಳ್ಲಿಕ್ಕೆ ಬರುದಿಲ್ಲ" ಎಂದು ಹೇಳಿದರು.

ಅವರಿಗೆ ಹೇಳಲು ಬರುತ್ತಿತ್ತು. ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರು.

"ನಾನು" ಅಂದೆ. ಗ್ರೇಮ್ ತಿರುಗಿದರು. ಮತ್ತೆ ಅಂದೆ: "ಗ್ರೇಮ್, ಮಲಗಿಸಿದ್ದು ನಾನು. ಅವರು ಬೇಡ ಅಂದಿದ್ರು. ಕಾರ್ಕ್ ಇಲ್ಲ ಅಂತ ಕೂಡ ಹೇಳಿದ್ರು. ನಿನ್ನೆ ಮುಚ್ಚಳ ನೋಡಿದಾಗಲೇ ನನಗೆ ಗೊತ್ತಾಗಿತ್ತು."

ಗ್ರೇಮ್ ಮಲಗಿದ ಸಾಲಿನಿಂದ ಒಂದು ಬಾಟಲಿ ಎಳೆದು ಮುಚ್ಚಳ ನೋಡಿದರು.

"ನಿನ್ನೆ ವಿಮಾನದಲ್ಲಿ ನಿನಗೆ ಗೊತ್ತಿತ್ತಾ?" ಎಂದು ಗ್ರೇಮ್ ಕೇಳಿದರು.

"ಗೊತ್ತಿತ್ತು."

ಆಗ ವಸಂತ ಅಂಕಲ್ ಹಿಂದಿನ ಶೆಲ್ಫಿನಿಂದ ಒಂದು ಪೆಟ್ಟಿಗೆ ಎಳೆದರು. ಅದೇ ಸಾಕೆ, ಆರು ಬಾಟಲಿ, ನಿಂತೇ ಇದ್ದವು. "ಒಂದು ಬಾಕ್ಸ್ ಮಾತ್ರ ಹಾಗೇ ಇಟ್ಟಿದ್ದೆ. ಇವಳು ಹೇಳಿದ್ದೂ ಸರಿ ಇರ್ಬಹುದು, ನಾನು ಹೇಳಿದ್ದೂ ಸರಿ ಇರ್ಬಹುದು ಅಂತ" ಎಂದರು. ಇವತ್ತು ನನ್ನ ಲ್ಯಾಬಿನಲ್ಲಿ, ಹೋಲಿಕೆಗೆಂದು ಬೇರೆ ಇಡುವ ಇಂಥದ್ದನ್ನು ಕಂಟ್ರೋಲ್ ಸ್ಯಾಂಪಲ್ ಅನ್ನುತ್ತೇವೆ. ಕೆಮಿಸ್ಟ್ರಿ ಓದಿದ ನನಗೆ ಅದು ಹೊಳೆದಿರಲಿಲ್ಲ.

ಗ್ರೇಮ್ ಅಲ್ಲೇ ಒಂದನ್ನು ತೆರೆದರು. ಪೇರಳೆ, ಜೇನು, ಬಾಳೆಹಣ್ಣು, ಕೊನೆಗೆ ಒಂದು ಎಳೆ ಹುರಿದ ಅಕ್ಕಿ. ಕುಡಿದು ಗ್ಲಾಸ್ ಕೆಳಗಿಟ್ಟು, ವಸಂತ ಅಂಕಲ್‌ನ ಭುಜ ಮುಟ್ಟಿ, "ಸಾರಿ, ಮೇಟ್" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಜಪಾನ್ ಇಲ್ಲ. ಮೆಲ್ಬರ್ನೂ ಇಲ್ಲ. ಒಂದು ವರ್ಷ ನೀನು ಇಲ್ಲೇ ಗೋಡೌನಿನಲ್ಲಿ, ಅವನ ಕೈಕೆಳಗೆ" ಎಂದು ಹೊರಟುಹೋದರು.

ನನಗೆ ಅಳು ಬಂತು. ವಸಂತ ಅಂಕಲ್ ಪೇಪರ್ ಟವೆಲ್ ಕೊಟ್ಟರು.

"ನನ್ನ ಹೆಸ್ರು ಯಾಕೆ ಹೇಳ್ಲಿಲ್ಲ ಅಂಕಲ್?"

"ಬಿಸಿಲಿಗೆ ಬಿಟ್ಟಿದ್ಯಾ ಅಂತ ಕೇಳಿದ್ರು, ಇಲ್ಲ ಅಂದೆ. ನಿನ್ನ ಹೆಸ್ರು ಯಾರು ಕೇಳಿದ್ರು?"

"ಕೆಲ್ಸ ಹೋಗ್ತಿತ್ತಲ್ಲ ನಿಮ್ಮದು!"

"ಹೋಗ್ತಿತ್ತು. ನೀನು ಇನ್ನೊಂದು ಐದು ನಿಮಿಷ ಸುಮ್ಮನೆ ಇದ್ದಿದ್ರೆ ನಾನೇ ಹೇಳ್ತಿದ್ದೆ ಅಂತ ಕಾಣ್ತದೆ. ನಾನೆಂತ ದೇವರಾ?" ಎಂದು ನಕ್ಕರು. "ಈಗ ಮೂಗು ಒರೆಸಿಕೊ. ಇವನ್ನೆಲ್ಲ ಇಳಿಸ್ಬೇಕು."

ಆ ವರ್ಷವನ್ನು ನಾನು ಶಿಕ್ಷೆ ಅಂದುಕೊಂಡೇ ಶುರು ಮಾಡಿದೆ. ಪೆಟ್ಟಿಗೆ ಎತ್ತುವುದು, ತಾಪ ಬರೆದಿಡುವುದು, ವ್ಯಾನಿನಲ್ಲಿ ಯಾವ ಪೆಟ್ಟಿಗೆ ಯಾವ ಬದಿಗೆ ಎಂದು ಕಲಿಯುವುದು. ಒಡೆದ ಬಾಟಲಿಯ ವಾಸನೆಯಿಂದಲೇ ಯಾವ ಸಾಕೆ ಎಂದು ವಸಂತ ಅಂಕಲ್ ಹೇಳುತ್ತಿದ್ದರು, ನೆಲ ಒರೆಸುತ್ತಾ, ಲೇಬಲ್ ನೋಡದೆ. "ಕುಡಿಯುದಿಲ್ಲ ಅಂತ ಮೂಗು ಇಲ್ವಾ?" ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಯಾವ ಟೇಸ್ಟಿಂಗಿಗೂ ಕರೆದಿರಲಿಲ್ಲ. ನಾನೂ ಸಹ.

ತಾನಿಮೊತೊ ಸಾನ್‌ಗೆ ಪತ್ರ ಬರೆದೆ, ಕೈಯಲ್ಲೇ. ಮಲಗಿಸಿದ್ದು, ಯಾಕೆ ಮಲಗಿಸಿದೆ ಎಂದು, ವಿಮಾನದಲ್ಲಿ ಸುಮ್ಮನಿದ್ದದ್ದು, ಎಲ್ಲ. ಉತ್ತರ ಬರಲಿಲ್ಲ. ಐದು ತಿಂಗಳ ನಂತರ ಒಂದು ಸಣ್ಣ ಪೆಟ್ಟಿಗೆ ಬಂತು. ಒಳಗೆ ಔಷಧದ ಬಾಟಲಿಯಷ್ಟು ಚಿಕ್ಕ ಹನ್ನೆರಡು ಬಾಟಲಿ, ಎಲ್ಲ ನಿಂತು, ಹತ್ತಿಯಲ್ಲಿ ಸುತ್ತಿ. ಹೆಸರಿಲ್ಲ, ಒಂದರಿಂದ ಹನ್ನೆರಡರ ತನಕ ಅಂಕಿ ಮಾತ್ರ. ಒಂದು ಚೀಟಿ: ಇವು ಈ ವರ್ಷದ ಬೆರಕೆಯ ಭಾಗಗಳು, ನೀವು ಬೆರೆಸಿ, ಅಳತೆ ಬರೆದು ಕಳಿಸಿ.

ನಾನು ಕುಣಿದೇಬಿಟ್ಟೆ! ಜಪಾನಿಗೆ ಹೋಗಲಾಗದವಳಿಗೆ ಮೇಜೇ ಸಿಡ್ನಿಗೆ ಬಂದಿತ್ತು. ಮೂರು ವಾರ, ಊಟದ ವಿರಾಮದಲ್ಲೆಲ್ಲ ಪ್ಯಾಕಿಂಗ್ ಮೇಜಿನ ಮೇಲೆ ಅಳತೆಯ ಗ್ಲಾಸು, ಡ್ರಾಪರ್, ನೋಟ್‌ಬುಕ್. ಮೂರನೆಯದು ಹಣ್ಣು. ಹತ್ತನೆಯದು ಹಳೆಯದು, ಅಣಬೆಯ ಪರಿಮಳ. ಏಳನೆಯದು ಖಡಕ್ಕಾಗಿತ್ತು, ನೆಟ್ಟಗಿತ್ತು, ನನಗೆ ತುಂಬಾ ಹಿಡಿಸಿತು. ಕೊನೆಗೆ ಒಂದು ಬೆರಕೆ ಸಿದ್ಧವಾಯಿತು. ವಸಂತ ಅಂಕಲ್ ಟಿಫಿನ್ ಡಬ್ಬಿ ತೊಳೆದು ಬರುತ್ತಿದ್ದರು. ಗ್ಲಾಸನ್ನು ಅವರ ಮೂಗಿಗೆ ಹಿಡಿದೆ.

"ಹೇಗುಂಟು?"

ಅವರು ಕಣ್ಣು ಮುಚ್ಚಿ ಮೂಸಿದರು. ಹನ್ನೆರಡು ಚಿಕ್ಕ ಬಾಟಲಿಗಳನ್ನೂ ಒಂದೊಂದಾಗಿ ಮೂಸಿದರು. ಮತ್ತೆ ಗ್ಲಾಸಿಗೆ ಬಂದರು. "ಲಾಯ್ಕುಂಟು. ಈ ಏಳನೇದು ಒಂಚೂರು ಜಾಸ್ತಿ ಆಯ್ತೋ ಏನೋ. ಬೇರೆಯವ್ರಿಗೆ ಮಾತಾಡ್ಲಿಕ್ಕೆ ಬಿಡುದಿಲ್ಲ ಅದು."

"ಅಂಕಲ್, ಅದು ಬೆನ್ನೆಲುಬು. ಅದು ಬೇಕು."

"ಹೌದಾ. ಆಯ್ತು."

ಆಯ್ತು ಎಂದು ಅವರು ಹೇಳುವ ಧಾಟಿ ನನಗೆ ಆ ಹೊತ್ತಿಗಾದರೂ ಪರಿಚಯವಾಗಿರಬೇಕಿತ್ತು. ಅಳತೆ ಬರೆದು ಪೋಸ್ಟ್ ಮಾಡಿದೆ.

ಒಂದು ತಿಂಗಳಿಗೆ ಪೋಸ್ಟ್‌ಕಾರ್ಡ್ ಬಂತು. ಮುಂದೆ ಹಿಮ ಬಿದ್ದ ಒಂದು ಮಾಡಿನ ಚಿತ್ರ. ಹಿಂದೆ ತಾನಿಮೊತೊ ಸಾನ್‌ನ ದುಂಡು ಇಂಗ್ಲಿಷಿನಲ್ಲಿ ಒಂದೇ ಸಾಲು: ಏಳನೆಯದು ಹೆಚ್ಚಾಯಿತು, ಬೇರೆಯವು ಕೇಳಿಸುತ್ತಿಲ್ಲ.

ಎರಡು ಸಲ ಓದಿದೆ. ಮೂರನೇ ಸಲ ವಸಂತ ಅಂಕಲ್‌ಗೆ ಕೇಳಿಸುವಂತೆ ಗಟ್ಟಿಯಾಗಿ, ಕನ್ನಡದಲ್ಲಿ ಓದಿದೆ. ಅವರು ಪೆಟ್ಟಿಗೆಗೆ ಟೇಪ್ ಹಚ್ಚುವುದನ್ನು ನಿಲ್ಲಿಸಲಿಲ್ಲ. ಆದರೆ ಟೇಪು ಸೊಟ್ಟಗೆ ಹೋಯಿತು. ಎಂದೂ ಹೋದದ್ದಲ್ಲ.

ಆ ವಾರ ಇಬ್ಬರೂ ಸೇರಿ ಮೊದಲಿನಿಂದ ಬೆರೆಸಿದೆವು. ನಾನು ರುಚಿ ನೋಡಿ ಉಗುಳುವುದು, ಅವರು ಮೂಸುವುದು. ಏಳನೆಯದು ಅರ್ಧಕ್ಕೆ ಇಳಿಯಿತು, ನಾನು ಲೆಕ್ಕಕ್ಕೇ ಇಟ್ಟಿರದ ನಾಲ್ಕನೆಯದು ಮೇಲೆ ಬಂತು. ಹೊಸ ಅಳತೆಯ ಕಾಗದದ ಕೆಳಗೆ ನಾನು ಸಹಿ ಹಾಕಿ ಪೆನ್ನನ್ನು ಅವರ ಕಡೆ ಚಾಚಿದೆ.

"ನಂದು ಯಾಕೆ?"

"ನಿಮ್ಮದೇ ಮೂಗು. ಹಾಕಿ."

ಅವರು ಕೈ ಒರೆಸಿಕೊಂಡು, ವಸಂತ ಎಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಬರೆದರು. ಕಾಗದವನ್ನು ದೂರ ಹಿಡಿದು ನೋಡಿದರು. ಆಮೇಲೆ ನನ್ನ ಕೈಗೆ ಕೊಡುತ್ತಾ ಸ್ವಲ್ಪ ಗಾಬರಿಯಿಂದಲೇ ಅಂದರು:

"ಇವ್ರು ಕುಡಿಯುದಿಲ್ಲ ಅಂತ ಕೆಳಗೆ ಬರಿ ಮಾರಾಯ್ತಿ. ಊರಲ್ಲಿ ಗೊತ್ತಾದ್ರೆ ಕಷ್ಟ."

ಬರೆದೆ.